ಕಯಾಕಿನಲ್ಲಿ ಕೈಬಂದೂಕು: ಯಾವುದನ್ನು ಆರಿಸಬೇಕು, ಎಲ್ಲಿಟ್ಟುಕೊಳ್ಳಬೇಕು

ಕಯಾಕಿನಲ್ಲಿ ಕುಳಿತವನ ಎರಡೂ ಕೈಗಳು ಹುಟ್ಟಿನ ಮೇಲಿರುತ್ತವೆ. ಸೊಂಟದ ಕೆಳಗಿನ ದೇಹ ದೋಣಿಯ ಹೊಟ್ಟೆಯೊಳಗಿರುತ್ತದೆ. ಆ ಹೊಟ್ಟೆಯ ಬಾಯಿಯನ್ನು ಸ್ಪ್ರೇ ಸ್ಕರ್ಟ್ ಎಂಬ ದಪ್ಪ ರಬ್ಬರು ಬಟ್ಟೆ ಬಿಗಿಯಾಗಿ ಮುಚ್ಚಿರುತ್ತದೆ. ಎದೆಯನ್ನು ಲೈಫ್ ಜಾಕೆಟ್ ಆವರಿಸಿರುತ್ತದೆ. ಕಾಡಿನಲ್ಲಿ ನಡೆಯುವವನು ಬಂದೂಕು ಇಟ್ಟುಕೊಳ್ಳುವ ಜಾಗಗಳೆಲ್ಲ, ಎಂದರೆ ಸೊಂಟ, ಕಂಕುಳ ಕೆಳಗು, ಬೆನ್ನಿನ ಹಿಂಬದಿ, ಇಲ್ಲಿ ಮೊದಲೇ ಭರ್ತಿಯಾಗಿರುತ್ತವೆ. ಬಂದೂಕಿನ ಅಂಗಡಿಯವರು ಮಾತನ್ನು ಕ್ಯಾಲಿಬರಿನಿಂದ, ಎಂದರೆ ಗುಂಡಿನ ಗಾತ್ರದಿಂದ, ಆರಂಭಿಸುತ್ತಾರೆ. ಕಯಾಕಿನವರು ಆರಂಭಿಸಬೇಕಾದದ್ದು ನೀರಿನಿಂದ: ಆ ವಸ್ತು ಎಲ್ಲಿ ಕೂರುತ್ತದೆ, ಎಷ್ಟು ನೆನೆಯುತ್ತದೆ, ದೋಣಿ ಮಗುಚಿದಾಗ ಅದು ನನಗೆ ಅಡ್ಡಬರುತ್ತದೆಯೇ ಎಂಬ ಪ್ರಶ್ನೆಗಳಿಂದ.

ಇದು ಮುಖ್ಯವಾಗಿ ಅಮೆರಿಕಕ್ಕೆ, ಅದರಲ್ಲೂ ಅಲಾಸ್ಕದ ಕರಾವಳಿಗೆ ಸಂಬಂಧಿಸಿದ ವಿಷಯ. ಹೊನ್ನಾವರದ ಕಾಂಡ್ಲಾ ಕಾಡಿನಲ್ಲೋ ದಾಂಡೇಲಿಯ ಕಾಳಿ ನದಿಯಲ್ಲೋ ಕಯಾಕ್ ನಡೆಸುವವರಿಗೆ ಈ ಯೋಚನೆಯೇ ಹುಟ್ಟುವುದಿಲ್ಲ. ಆದರೆ ಸಿಯಾಟಲ್ ಸುತ್ತಮುತ್ತ ನೆಲೆಸಿರುವ ನಮ್ಮಂಥ ಕನ್ನಡಿಗರು ಒಂದೆರಡು ಬೇಸಿಗೆ ಪ್ಯೂಜೆಟ್ ಸೌಂಡಿನಲ್ಲಿ ಹುಟ್ಟು ಹಾಕಿದ ಮೇಲೆ ಉತ್ತರಕ್ಕೆ ಕಣ್ಣು ಹಾಯಿಸುವುದು ಸಹಜ, ಆಗ ಗೆಳೆಯರ ಬಳಗದಲ್ಲಿ ಮೊದಲು ಕೇಳಿಬರುವ ಪ್ರಶ್ನೆಯೂ ಇದೇ: "ಕರಡಿ ಬಂದ್ರೆ ಏನ್ ಮಾಡ್ತೀರಾ? ಗನ್ ತಗೊಂಡ್ ಹೋಗ್ತೀರಾ?"

ಮೊದಲು ಬೇಕೇ ಎಂಬುದನ್ನು ನೋಡಿ

ಉತ್ತರ ನೀವು ಹೋಗುವ ದ್ವೀಪವನ್ನು ಅವಲಂಬಿಸಿದೆ. ಆಗ್ನೇಯ ಅಲಾಸ್ಕದ ಅಡ್ಮಿರಾಲ್ಟಿ, ಬಾರನಾಫ್ ಮತ್ತು ಚಿಚಗಾಫ್ ದ್ವೀಪಗಳಲ್ಲಿ ಇರುವುದು ಕಂದು ಕರಡಿಗಳು ಮಾತ್ರ. ಅಡ್ಮಿರಾಲ್ಟಿಯಲ್ಲಂತೂ ಸರಾಸರಿ ಪ್ರತಿ ಚದರ ಮೈಲಿಗೆ ಒಂದರಂತೆ ಇವೆ, ಅಲ್ಲಿನ ಮೂಲನಿವಾಸಿ ಟ್ಲಿಂಗಿಟ್ ಜನರು ಆ ದ್ವೀಪವನ್ನು ಕರೆಯುವ ಕೂಟ್ಸ್‌ನೂವೂ ಎಂಬ ಹೆಸರಿಗೆ ಕರಡಿಗಳ ಕೋಟೆ ಎಂದೇ ಅರ್ಥ. ಅದೇ ದಕ್ಷಿಣಕ್ಕೆ ಫ್ರೆಡರಿಕ್ ಸೌಂಡನ್ನು ದಾಟಿ ಕುಪ್ರಿಯಾನಾಫ್, ಕುಯೂ ಅಥವಾ ಪ್ರಿನ್ಸ್ ಆಫ್ ವೇಲ್ಸ್ ದ್ವೀಪಗಳಿಗೆ ಹೋದರೆ ಎದುರಾಗುವುದು ಕಪ್ಪು ಕರಡಿಗಳು, ಅವುಗಳಲ್ಲಿ ಹೆಚ್ಚಿನವು ಗದರಿದರೆ ಹಿಂದೆ ಸರಿಯುವ ಸ್ವಭಾವದವು. ವಾಷಿಂಗ್ಟನ್ನಿನ ಸಾನ್ ವಾನ್ ದ್ವೀಪಗಳಲ್ಲಿ ರಾತ್ರಿ ನಿಮ್ಮ ಆಹಾರದ ಚೀಲಕ್ಕೆ ಕೈಹಾಕುವವು ರಕೂನ್‌ಗಳು. ಅವುಗಳಿಗೆ ಬಂದೂಕು ಬೇಡ, ಗಟ್ಟಿ ಮುಚ್ಚಳದ ಡಬ್ಬಿ ಸಾಕು.

ಮನುಷ್ಯರ ಭಯದಿಂದ ಒಯ್ಯುವವರೂ ಇದ್ದಾರೆ. ನಿರ್ಜನವಾದ ದೋಣಿಗಟ್ಟೆಯಲ್ಲಿ ಮುಂಜಾನೆ ಒಬ್ಬರೇ ಕಾರು ನಿಲ್ಲಿಸುವ ಹೆಂಗಸರು ಈ ಮಾತನ್ನು ಹೇಳಿದಾಗ ಅದನ್ನು ತಳ್ಳಿಹಾಕುವ ಅಧಿಕಾರ ನನಗಿಲ್ಲ. ಆದರೆ ಆ ಆತಂಕ ಇರುವುದು ದೋಣಿಗಟ್ಟೆಯಲ್ಲಿ, ನೀರಿನಲ್ಲಿ ಅಲ್ಲ. ದಡದಿಂದ ಐವತ್ತು ಮೀಟರ್ ಹೋದ ಮೇಲೆ ಅದೇ ಬಂದೂಕು ಬರಿಯ ಭಾರ.

ನೀರಿನ ಅಪಾಯವನ್ನೂ ಇದೇ ತಕ್ಕಡಿಯಲ್ಲಿ ಇಡಬೇಕು. ಅಮೆರಿಕದ ಕೋಸ್ಟ್ ಗಾರ್ಡ್ 2022ರಲ್ಲಿ ದಾಖಲಿಸಿದ ಮನರಂಜನಾ ದೋಣಿ ಸಾವುಗಳು 636. ಸಾವಿನ ಕಾರಣ ತಿಳಿದಿದ್ದ ಪ್ರಕರಣಗಳ ಪೈಕಿ ನೂರಕ್ಕೆ 75 ಮಂದಿ ಮುಳುಗಿ ಸತ್ತವರು, ಅವರಲ್ಲಿ ನೂರಕ್ಕೆ 85 ಮಂದಿ ಲೈಫ್ ಜಾಕೆಟ್ ತೊಟ್ಟಿರಲಿಲ್ಲ. ಅಲಾಸ್ಕದ ನೀರಿನಲ್ಲಿ ಬಿದ್ದವನಿಗೆ ಉಸಿರು ಹಿಡಿತಕ್ಕೆ ಬರಲು ಒಂದು ನಿಮಿಷ, ಕೈಬೆರಳುಗಳು ಹೇಳಿದ ಮಾತು ಕೇಳುವುದು ಸುಮಾರು ಹತ್ತು ನಿಮಿಷ, ಪ್ರಜ್ಞೆ ತಪ್ಪುವುದಕ್ಕೆ ಮುನ್ನ ಸುಮಾರು ಒಂದು ಗಂಟೆ ಎಂಬ ಲೆಕ್ಕವನ್ನು ಅಲ್ಲಿನ ತರಬೇತುದಾರರು ಬಾಯಿಪಾಠ ಮಾಡಿಸುತ್ತಾರೆ. ಬಂದೂಕಿಗೆ ಸಾವಿರ ಡಾಲರ್ ಹಾಕುವ ಮುನ್ನ ಮೈ ಒಣಗಿಸಿಡುವ ಡ್ರೈ ಸೂಟ್ ಮತ್ತು ಉಪಗ್ರಹಕ್ಕೆ ಸಂಕೇತ ಕಳಿಸುವ 406 ಮೆಗಾಹರ್ಟ್ಸ್ ಬೀಕನ್ ನಿಮ್ಮಲ್ಲಿವೆಯೇ ಎಂದು ಕೇಳಿಕೊಳ್ಳಿ.

ಕಾನೂನು, ಅದರಲ್ಲೂ ವೀಸಾದ ಮಾತು

ನಮ್ಮವರಲ್ಲಿ ಅನೇಕರಿಗೆ ತಿಳಿಯದ ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಎಚ್-1ಬಿ, ಎಲ್-1, ಎಫ್-1 ಮುಂತಾದ ತಾತ್ಕಾಲಿಕ ವೀಸಾಗಳಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದಿರುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಹೊಂದಿರುವುದು ಎಂದರೆ ಖರೀದಿಸುವುದು ಮಾತ್ರವಲ್ಲ. ಗೆಳೆಯನ ಪಿಸ್ತೂಲನ್ನು ಶಿಬಿರದಲ್ಲಿ ನಿಮ್ಮ ಚೀಲದಲ್ಲಿ ಇಟ್ಟುಕೊಂಡರೂ ಅದು ಹೊಂದಿರುವುದೇ ಆಗುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿಯುಂಟು, ನಿಜ. ಆದರೆ ಈ ವಿಷಯದಲ್ಲಿ ತಪ್ಪಿತಸ್ಥನೆಂದು ತೀರ್ಪಾದರೆ ಗಡೀಪಾರಿನವರೆಗೂ ಹೋಗಬಹುದಾದ್ದರಿಂದ, ಆ ವಿನಾಯಿತಿಯನ್ನು ನೆಚ್ಚುವ ಮೊದಲು ವಲಸೆ ವಕೀಲರಿಗೆ ಒಂದು ಗಂಟೆಯ ಶುಲ್ಕ ಕೊಡುವುದು ಲೇಸು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ. ಬೇರ್ ಸ್ಪ್ರೇ ಎಂಬ, ಕರಡಿಯ ಮೇಲೆ ಎರಚುವ ಖಾರದ ಕರಡಿ ಸ್ಪ್ರೇಗಂತೂ ಯಾವ ವೀಸಾದ ಪ್ರಶ್ನೆಯೂ ಏಳುವುದಿಲ್ಲ. ಸ್ಪ್ರೇ ಮತ್ತು ಬಂದೂಕುಗಳ ಹೋಲಿಕೆಯನ್ನು ಓದುವ ಮೊದಲೇ ಹಲವರ ಆಯ್ಕೆ ಇಲ್ಲಿಗೇ ತೀರ್ಮಾನವಾಗುತ್ತದೆ.

ಪರವಾನಗಿ ಪಡೆದ ವ್ಯಾಪಾರಿಯಿಂದ ಕೈಬಂದೂಕು ಕೊಳ್ಳಲು 21 ವರ್ಷ ತುಂಬಿರಬೇಕು, ಅದನ್ನು ನೀವು ವಾಸಿಸುವ ರಾಜ್ಯದಲ್ಲೇ ಪಡೆಯಬೇಕು. ಅಲಾಸ್ಕದ ರಾಜಧಾನಿ ಜೂನೋಗೆ ಹೋಗಿ ಇಳಿದ ಮೇಲೆ ಅಲ್ಲಿಯೇ ಒಂದು ರಿವಾಲ್ವರ್ ಕೊಂಡುಕೊಳ್ಳೋಣ ಎಂಬ ಯೋಜನೆ ನಡೆಯುವುದಿಲ್ಲ.

ವಿಮಾನದ ನಿಯಮ ಇದಕ್ಕೆ ತಲೆಕೆಳಗು. ತೋಟಾ ತೆಗೆದ ಬಂದೂಕನ್ನು ಗಟ್ಟಿ ಕವಚದ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಕೌಂಟರಿನಲ್ಲಿ ಘೋಷಿಸಿ, ಸರಕಿನ ಲಗೇಜಿನಲ್ಲಿ ಕಳಿಸಬಹುದು. ಕರಡಿ ಸ್ಪ್ರೇಯನ್ನು ಮಾತ್ರ ಪ್ರಯಾಣಿಕರ ವಿಮಾನದಲ್ಲಿ ಕೈಚೀಲದಲ್ಲೂ ಒಯ್ಯುವಂತಿಲ್ಲ, ಸರಕಿನಲ್ಲೂ ಹಾಕುವಂತಿಲ್ಲ. ಅದನ್ನು ಇಳಿದ ಊರಿನಲ್ಲೇ ಕೊಳ್ಳಬೇಕು. ಅಲ್ಲಿಂದ ಮುಂದೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ ಹೋಗುವುದಾದರೆ ಡಬ್ಬಿ ಕೈಯಲ್ಲಿದೆ ಎಂದು ಪೈಲಟ್‌ಗೆ ಮೊದಲೇ ಹೇಳಿ. ಕ್ಯಾಬಿನ್ನಿನೊಳಗೆ ಅದು ಸೋರಿದರೆ ಏನಾಗಬಹುದೆಂದು ಬಲ್ಲ ಅವರು ಸಾಮಾನ್ಯವಾಗಿ ಅದನ್ನು ವಿಮಾನದ ತೇಲುಗಾಲಿನ ಒಳಗೆ ಇಡಿಸುತ್ತಾರೆ.

ಗಡಿಗಳ ವಿಷಯದಲ್ಲಿ ಕಯಾಕಿನವರು ಕಾರಿನವರಿಗಿಂತ ಹೆಚ್ಚು ಎಚ್ಚರದಿಂದಿರಬೇಕು, ಏಕೆಂದರೆ ನೀರಿನ ಮೇಲೆ ಫಲಕಗಳಿಲ್ಲ. ಸಾನ್ ವಾನ್ ದ್ವೀಪದ ಪಶ್ಚಿಮಕ್ಕಿರುವ ಹಾರೋ ಜಲಸಂಧಿಯ ನಡುವೆಯೇ ಕೆನಡಾದ ಗಡಿ ಹಾದುಹೋಗುತ್ತದೆ. ಆ ದೇಶ 2022ರ ಅಕ್ಟೋಬರ್ 21ರಿಂದ ಕೈಬಂದೂಕುಗಳ ಖರೀದಿ ಮತ್ತು ವರ್ಗಾವಣೆಯನ್ನು ಸ್ಥಗಿತಗೊಳಿಸಿದೆ, ಪ್ರವಾಸಿಗರು ಕರಡಿಯ ಕಾರಣ ಹೇಳಿ ಅಲ್ಲಿಗೆ ಪಿಸ್ತೂಲು ಒಯ್ಯಲು ದಾರಿಯಿಲ್ಲ. ಇನ್‌ಸೈಡ್ ಪ್ಯಾಸೇಜ್ ಎಂಬ ಒಳಜಲಮಾರ್ಗದಲ್ಲಿ ವಾಷಿಂಗ್ಟನ್ನಿನಿಂದ ಅಲಾಸ್ಕದವರೆಗೆ ಹುಟ್ಟು ಹಾಕುತ್ತಲೇ ಹೋಗುವವರು ಬ್ರಿಟಿಷ್ ಕೊಲಂಬಿಯವನ್ನು ಹಾಯಲೇಬೇಕು, ಆದ್ದರಿಂದ ಅವರಿಗೆ ಕೈಬಂದೂಕು ಆಯ್ಕೆಯೇ ಅಲ್ಲ. ಪ್ರಾಣಿಗಳಿಗೆ ಎಂದು ಸ್ಪಷ್ಟವಾಗಿ ಮುದ್ರಿಸಿರುವ ಕರಡಿ ಸ್ಪ್ರೇಗೆ ಅಲ್ಲಿ ಅಡ್ಡಿಯಿಲ್ಲ. ಮನುಷ್ಯರ ಮೇಲೆ ಬಳಸಲೆಂದು ಮಾರುವ ಪೆಪ್ಪರ್ ಸ್ಪ್ರೇ ಮಾತ್ರ ನಿಷಿದ್ಧ ಆಯುಧ.

ರಾಜ್ಯಗಳ ನಡುವಿನ ನದಿಗಳಲ್ಲೂ ಇದೇ ಗೋಜಲು. ಡೆಲವೇರ್ ನದಿಯಲ್ಲಿ ಒಂದು ದಡ ಪೆನ್ಸಿಲ್ವೇನಿಯಾ, ಇನ್ನೊಂದು ನ್ಯೂಜೆರ್ಸಿ. ಬೇರೆ ರಾಜ್ಯದ ಪರವಾನಗಿಯನ್ನು ನ್ಯೂಜೆರ್ಸಿ ಮಾನ್ಯ ಮಾಡುವುದಿಲ್ಲ, ಊಟಕ್ಕೆಂದು ಎಡದಡದ ಮರಳಿನಲ್ಲಿ ದೋಣಿ ಎಳೆದ ಕ್ಷಣದಲ್ಲಿ ನೀವು ಬೇರೆಯೇ ಕಾನೂನಿನಡಿ ನಿಂತಿರುತ್ತೀರಿ. ಪೊಟೊಮ್ಯಾಕ್ ನದಿಯ ನೀರು ವರ್ಜೀನಿಯಾ ದಡದವರೆಗೂ ಮೇರಿಲ್ಯಾಂಡಿಗೆ ಸೇರಿದ್ದು, ಕನೆಕ್ಟಿಕಟ್ ನದಿಯ ನೀರು ವರ್ಮಾಂಟ್ ದಡದವರೆಗೂ ನ್ಯೂ ಹ್ಯಾಂಪ್‌ಶೈರಿಗೆ ಸೇರಿದ್ದು. ಅಲಾಸ್ಕ ಈ ಮಟ್ಟಿಗೆ ಸರಳ: 21 ತುಂಬಿದವರು ಕಾನೂನಿನ ಪ್ರಕಾರ ಬಂದೂಕು ಹೊಂದಲು ಅರ್ಹರಾಗಿದ್ದರೆ 2003ರಿಂದ ಪರವಾನಗಿಯಿಲ್ಲದೆಯೂ ಮರೆಯಲ್ಲಿ ಒಯ್ಯಬಹುದು, ಆದರೆ ಪೊಲೀಸರು ಮಾತನಾಡಿಸಿದ ಕೂಡಲೇ ಅದನ್ನು ತಾವಾಗಿ ತಿಳಿಸಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರ ಫೆಬ್ರವರಿ 22ರಿಂದ ಆಯಾ ರಾಜ್ಯದ ಕಾನೂನೇ ಅನ್ವಯ; ಆದರೂ ಒಕ್ಕೂಟ ಸರ್ಕಾರದ ಕಟ್ಟಡಗಳ ಒಳಗೆ ಬಂದೂಕು ನಿಷಿದ್ಧ. ಅಲಾಸ್ಕದ ಗ್ಲೇಷಿಯರ್ ಬೇ ಉದ್ಯಾನದಲ್ಲಿ ಶಿಬಿರ ಹೂಡುವವರು ಅನುಮತಿ ಪಡೆದು ಕಡ್ಡಾಯವಾದ ತಿಳಿವಳಿಕೆ ಪಾಠ ಕೇಳಬೇಕಾದದ್ದು ಅಂಥ ಕಟ್ಟಡದಲ್ಲೇ ಆದ್ದರಿಂದ, ಸೊಂಟದಲ್ಲಿ ಸಿಕ್ಕಿಸಿಕೊಂಡು ಒಳಗೆ ನಡೆದುಬಿಡಬೇಡಿ.

ಸ್ಪ್ರೇ, ಕೈಬಂದೂಕು, ಉದ್ದ ನಳಿಗೆ

ಕರಡಿ ಸ್ಪ್ರೇ ಎಂದರೆ ನಮ್ಮ ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಮತ್ತು ಅದರ ದಾಯಾದಿಗಳನ್ನು ನೂರಕ್ಕೆ 1ರಿಂದ 2ರಷ್ಟು ಸೇರಿಸಿ ಒತ್ತಡದಲ್ಲಿ ತುಂಬಿದ ಡಬ್ಬಿ. ಸುಮಾರು 8ರಿಂದ 9 ಮೀಟರ್ ದೂರದವರೆಗೆ ಕಿತ್ತಳೆ ಬಣ್ಣದ ಮೋಡವನ್ನು ಏಳೆಂಟು ಸೆಕೆಂಡು ಉಗುಳುತ್ತದೆ. ಗುರಿಯ ನಿಖರತೆ ಅಷ್ಟಾಗಿ ಬೇಡ, ಚಳಿಗೆ ಮರಗಟ್ಟಿದ ಕೈಯಿಂದಲೂ ಒತ್ತಬಹುದು, ಉಪ್ಪುನೀರಿನಲ್ಲಿ ನೆನೆದರೂ ತೊಳೆದು ಒರೆಸಿದರೆ ಸಾಕು. ಅದರ ಶತ್ರು ಗಾಳಿ, ಕಡಲ ದಂಡೆಯಲ್ಲಿ ಗಾಳಿಗೆ ಬರವಿಲ್ಲ. ಡಬ್ಬಿಗೆ ಅವಧಿಯೂ ಇದೆ, ಹೆಚ್ಚಿನವು ನಾಲ್ಕು ವರ್ಷ.

ಕರಡಿ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು ಅಲಾಸ್ಕದ ದಾಖಲೆಗಳನ್ನು ಜಾಲಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ಪ್ರೇ ಬಳಸಿದ ಪ್ರಸಂಗಗಳಲ್ಲಿ ಕಂದು ಕರಡಿಯ ಅನಪೇಕ್ಷಿತ ವರ್ತನೆ ನೂರಕ್ಕೆ 92ರಷ್ಟು ಬಾರಿ ನಿಂತಿತು, ಕಪ್ಪು ಕರಡಿಯದು 90ರಷ್ಟು ಬಾರಿ. ಹತ್ತಿರದ ಮುಖಾಮುಖಿಯಲ್ಲಿ ಸ್ಪ್ರೇ ಇದ್ದವರಲ್ಲಿ ನೂರಕ್ಕೆ 98 ಮಂದಿಗೆ ಗಾಯವಾಗಲಿಲ್ಲ. ಅದೇ ತಂಡದವರು 2012ರಲ್ಲಿ 269 ಬಂದೂಕು ಪ್ರಸಂಗಗಳನ್ನು ಪರಿಶೀಲಿಸಿದಾಗ ಕೈಬಂದೂಕು ನೂರಕ್ಕೆ 84, ಉದ್ದ ನಳಿಗೆಯ ಬಂದೂಕು 76ರಷ್ಟು ಬಾರಿ ಫಲಿಸಿತ್ತು. ಬಂದೂಕು ಇದ್ದೂ ಹಾರಿಸಿದವರ ಮತ್ತು ಹಾರಿಸದವರ ಗತಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಜಗಳವಾಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ: ಸ್ಪ್ರೇಯ ದಾಖಲೆಗಳಲ್ಲಿ ಕುತೂಹಲದಿಂದ ಮೂಸಿ ನೋಡಲು ಬಂದ ಕರಡಿಗಳೂ ಸೇರಿವೆ, ಬಂದೂಕಿನ ದಾಖಲೆಗಳಲ್ಲಿ ಕೆಟ್ಟದಾಗಿ ಮುಗಿದ, ಆದ್ದರಿಂದಲೇ ಬರಹಕ್ಕೆ ಸಿಕ್ಕ ಪ್ರಸಂಗಗಳು ಹೆಚ್ಚು. ಆದರೂ ಬಂದೂಕು ಇದ್ದರೆ ಸ್ಪ್ರೇ ಬೇಡ ಎನ್ನುವಂಥ ಆಧಾರ ಎರಡರಲ್ಲೂ ಸಿಗುವುದಿಲ್ಲ.

ಉದ್ದ ನಳಿಗೆಯ ಪಂಪ್ ಶಾಟ್‌ಗನ್ ಬಲದಲ್ಲಿ ಮೂರರಲ್ಲಿ ಮೇಲು. ಉಪ್ಪುಗಾಳಿಗೆಂದೇ ನಿಕಲ್ ಲೇಪಿಸಿದ ರೆಮಿಂಗ್ಟನ್ 870 ಮರೀನ್ ಮ್ಯಾಗ್ನಮ್ ಮತ್ತು ಅದೇ ಉದ್ದೇಶಕ್ಕೆ ಬೇರೆ ಲೇಪನ ಪಡೆದ ಮಾಸ್‌ಬರ್ಗ್ 500 ಮರೀನರ್ ಈ ಬಗೆಯವು. ಕೆನಡಾಕ್ಕೂ ಸಾಮಾನ್ಯ ಶಾಟ್‌ಗನ್ನನ್ನು ಗಡಿಯಲ್ಲಿ ಘೋಷಣಾ ಪತ್ರ ತುಂಬಿ, ಶುಲ್ಕ ಕಟ್ಟಿ ಒಯ್ಯಬಹುದು. ಆದರೆ ಮೂರು ಕೆಜಿ ದಾಟುವ ಆ ಉದ್ದ ವಸ್ತು ಕಯಾಕಿನಲ್ಲಿ ಡೆಕ್ಕಿನ, ಎಂದರೆ ದೋಣಿಯ ಮೇಲ್ಮೈಯ, ಮೇಲಿನ ಚೀಲದಲ್ಲಿ ಇರಬೇಕು, ಇಲ್ಲವೇ ಒಳಗೆ ಕಾಲುಗಳ ನಡುವೆ. ದಡದಲ್ಲಿ ನೀರು ತುಂಬಲು ಹೊಳೆಯತ್ತ ನಡೆಯುವಾಗ ಅದು ಬಹುತೇಕ ದೋಣಿಯ ಬಳಿಯೇ ಉಳಿದಿರುತ್ತದೆ. ನಾಲ್ಕಾರು ಜನರ ತಂಡದಲ್ಲಿ ಒಬ್ಬರು ಒಯ್ದರೆ ಅದಕ್ಕೆ ಅರ್ಥವಿದೆ.

ರಿವಾಲ್ವರೋ ಪಿಸ್ತೂಲೋ

ಇಷ್ಟಾದ ಮೇಲೂ ಕೈಬಂದೂಕು ಬೇಕು ಎನ್ನುವವರ ಮುಂದೆ ಉಳಿಯುವುದು ಎರಡು ಮುಖ್ಯ ದಾರಿ: .44 ಮ್ಯಾಗ್ನಮ್ ತೋಟಾದ ಸ್ಟೇನ್‌ಲೆಸ್ ರಿವಾಲ್ವರ್, ಅಥವಾ 10 ಎಂಎಂ ತೋಟಾದ ಅರೆಸ್ವಯಂಚಾಲಿತ ಪಿಸ್ತೂಲು. ನಗರಗಳಲ್ಲಿ ಎಲ್ಲರ ಬಳಿಯಿರುವ 9 ಎಂಎಂ ಪಿಸ್ತೂಲು ಕಂದು ಕರಡಿಯ ನಾಡಿಗೆ ಕಡಿಮೆಯೇ. ಮನೆಯಲ್ಲಿ ಹೇಗೂ ಇದೆ ಎಂಬ ಕಾರಣಕ್ಕೆ ಅದನ್ನೇ ಒಯ್ಯುವುದಾದರೆ, ಅದು ಕಪ್ಪು ಕರಡಿಗೆ ಸಾಲಬಹುದಾದ ಆಯುಧ ಎಂದು ತಿಳಿದೇ ಒಯ್ಯಬೇಕು.

ಸ್ಮಿತ್ ಅಂಡ್ ವೆಸನ್ 629 ಎಂಬ ರಿವಾಲ್ವರ್ ಆರು ಗುಂಡಿನದು, ನಾಲ್ಕು ಇಂಚು ನಳಿಗೆಯದು ಸುಮಾರು 1.2 ಕೆಜಿ ತೂಗುತ್ತದೆ. ರೂಗರ್ ಸೂಪರ್ ರೆಡ್‌ಹಾಕ್ ಅಲಾಸ್ಕನ್ ಇನ್ನೂ ತುಸು ಭಾರ, ಎರಡೂವರೆ ಇಂಚಿನ ಮೋಟು ನಳಿಗೆಯದು. ಭಾರ ಬೇಡವೆಂದು ಸ್ಕ್ಯಾಂಡಿಯಂ ಮಿಶ್ರಲೋಹದ 329ಪಿಡಿಯನ್ನು ಕೊಂಡರೆ ಅದು 700 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಆದರೆ ಒದೆತ ಎಷ್ಟೆಂದರೆ, ಪೂರ್ಣಬಲದ ಆರು ತೋಟಾ ಹಾರಿಸಿದ ಮೇಲೆ ಏಳನೆಯದನ್ನು ತುಂಬಲು ಮನಸ್ಸೇ ಬರುವುದಿಲ್ಲ, ಮನಸ್ಸು ಬಾರದ ಬಂದೂಕಿನಲ್ಲಿ ಯಾರೂ ಅಭ್ಯಾಸ ಮಾಡುವುದಿಲ್ಲ. .44 ಮ್ಯಾಗ್ನಮ್ ರಿವಾಲ್ವರಿನಲ್ಲಿ ಮೆದುವಾದ .44 ಸ್ಪೆಷಲ್ ತೋಟಾವನ್ನೂ ಹಾರಿಸಬಹುದೆಂಬುದು ಅಭ್ಯಾಸದ ಮಟ್ಟಿಗೆ ದೊಡ್ಡ ಅನುಕೂಲ. ಕರಡಿ ಮೈಮೇಲೆ ಬಿದ್ದಾಗ ನಳಿಗೆಯನ್ನು ಅದರ ದೇಹಕ್ಕೆ ಒತ್ತಿಯೇ ಕುದುರೆ ಎಳೆದರೂ ರಿವಾಲ್ವರ್ ಹಾರುತ್ತದೆ. ಪಿಸ್ತೂಲಿನ ಮೇಲಿನ ಸ್ಲೈಡ್ ಹಾಗೆ ಒತ್ತಿದಾಗ ಹಿಂದೆ ಸರಿದು ಹಾರದೇ ಹೋಗುವ ಸಂಭವವಿದೆ.

ಗ್ಲಾಕ್ 20 ಎಂಬ 10 ಎಂಎಂ ಪಿಸ್ತೂಲಿನಲ್ಲಿ, ಹಿಡಿಯೊಳಗೆ ಕೂರುವ ತೋಟಾಪೆಟ್ಟಿಗೆಯಾದ ಮ್ಯಾಗಜಿನ್‌ಗೆ 15 ತೋಟಾ. ಖಾಲಿ ಬಂದೂಕು 800 ಗ್ರಾಂ ಒಳಗೆ. ಒಂದೊಂದು ಗುಂಡಿನ ಬಲ .44ಕ್ಕಿಂತ ಕಡಿಮೆ, ಆದರೆ ಒದೆತ ತಡೆದುಕೊಳ್ಳುವಂಥದ್ದು, ಆದ್ದರಿಂದ ಎರಡನೆಯ, ಮೂರನೆಯ ಗುಂಡು ಗುರಿಯ ಹತ್ತಿರ ಹೋಗುತ್ತದೆ. ಗ್ರೀನ್‌ಲ್ಯಾಂಡಿನ ಹಿಮದಲ್ಲಿ ನಾಯಿಬಂಡಿಗಳ ಮೇಲೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆ ಹಿಮಕರಡಿಗಳ ಕಾರಣಕ್ಕೆ ಇದನ್ನೇ ಸೊಂಟಕ್ಕೆ ಕಟ್ಟಿದೆ.

ಕಯಾಕಿನವರ ದೃಷ್ಟಿಯಿಂದ ನನಗೆ ನಿರ್ಣಾಯಕ ಎನಿಸುವುದು ಬೇರೆ ಸಂಗತಿ. ಗ್ಲಾಕ್ ಪಿಸ್ತೂಲು ಯಾವ ಉಪಕರಣವೂ ಇಲ್ಲದೆ ಕೈಯಲ್ಲೇ ನಾಲ್ಕು ತುಂಡಾಗುತ್ತದೆ: ಕೆಳಚೌಕಟ್ಟು, ಸ್ಲೈಡ್, ನಳಿಗೆ, ಸ್ಪ್ರಿಂಗು. ನಾಲ್ಕನ್ನೂ ಸಿಹಿನೀರಿನ ಪಾತ್ರೆಯಲ್ಲಿ ಅದ್ದಿ, ಕೊಡವಿ, ಎಣ್ಣೆ ಸವರಿ ಮತ್ತೆ ಜೋಡಿಸಲು ಐದು ನಿಮಿಷ. ಸ್ಮಿತ್ ಅಂಡ್ ವೆಸನ್ ರಿವಾಲ್ವರಿನ ಒಳಯಂತ್ರವನ್ನು ನೋಡಬೇಕಾದರೆ ಪಕ್ಕದ ತಗಡನ್ನು ತಿರುಪು ಬಿಚ್ಚಿ ತೆಗೆಯಬೇಕು, ಅದು ಶಿಬಿರದಲ್ಲಿ, ಮಳೆಯಲ್ಲಿ ಮಾಡುವ ಕೆಲಸವಲ್ಲ. ಒಳಗೆ ಹೊಕ್ಕ ಉಪ್ಪುನೀರು ಒಳಗೇ ಕೂರುತ್ತದೆ. ಮರಳು ಇನ್ನೂ ಕೆಟ್ಟದ್ದು: ಖಾಲಿ ತೋಟಾಗಳನ್ನು ಹೊರತಳ್ಳುವ ನಕ್ಷತ್ರಾಕಾರದ ಬಿಲ್ಲೆಯ ಅಡಿಯಲ್ಲಿ ನಾಲ್ಕು ಕಣ ಸಿಕ್ಕಿಕೊಂಡರೆ ತೋಟಾಗಳನ್ನು ಹೊತ್ತು ತಿರುಗುವ ಸಿಲಿಂಡರ್ ತಿರುಗದೆ ಬಿಗಿಯುತ್ತದೆ. ಆದ್ದರಿಂದ ಉಪ್ಪುನೀರಿನ ದೀರ್ಘ ಪಯಣಕ್ಕೆ, ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡುವವರಿಗೆ, ನಾನು ಪಾಲಿಮರ್ ಚೌಕಟ್ಟಿನ 10 ಎಂಎಂ ಪಿಸ್ತೂಲನ್ನೇ ಹೇಳುವೆ. ಸರೋವರ ಮತ್ತು ನದಿಗಳಲ್ಲಷ್ಟೇ ಸುತ್ತುವ, ವರ್ಷಕ್ಕೆ ಎರಡು ಬಾರಿ ಮಾತ್ರ ಬಂದೂಕು ಮುಟ್ಟುವವರಿಗೆ ಸ್ಟೇನ್‌ಲೆಸ್ ರಿವಾಲ್ವರ್ ಹೆಚ್ಚು ಸರಳ.

ಸ್ಟೇನ್‌ಲೆಸ್ ಎಂಬ ಹೆಸರನ್ನು ಮಾತ್ರ ಪೂರ್ತಿ ನಂಬಬೇಡಿ. ಒಂದು ವರ್ಷ ಐದು ದಿನದ ಪಯಣದಿಂದ ಮರಳಿ, ಬೆಳ್ಳಿಯಂತೆ ಹೊಳೆಯುತ್ತಿದ್ದ ರಿವಾಲ್ವರಿನ ಹಿಡಿಯ ತಿರುಪು ಬಿಚ್ಚಿದಾಗ ಅದರಡಿಯಲ್ಲಿ ಕಾಫಿ ಪುಡಿಯ ಬಣ್ಣದ ಒಂದು ಉಂಗುರ ಮೂಡಿತ್ತು; ಹೊರಗಿನ ಲೋಹ ಸ್ಟೇನ್‌ಲೆಸ್ ಆದರೂ ಒಳಗಿನ ಸ್ಪ್ರಿಂಗು, ಸಣ್ಣ ಪಿನ್ನುಗಳು ಹಾಗಿರಲಿಲ್ಲ.

ದೇಹದ ಮೇಲೆ ಎಲ್ಲಿ

ಸೊಂಟದ ಒರೆ ಸ್ಪ್ರೇ ಸ್ಕರ್ಟಿನ ಕೆಳಗೆ ಹೂತುಹೋಗುತ್ತದೆ, ಸೀಟಿನ ಬೆನ್ನುಪಟ್ಟಿಗೆ ತಾಗಿ ಗಂಟೆಗಟ್ಟಲೆ ಒತ್ತುತ್ತದೆ, ದೋಣಿಯ ತಳದಲ್ಲಿ ಸೇರುವ ನೀರಿನಲ್ಲಿ ಸದಾ ನೆನೆಯುತ್ತದೆ. ಮುಚ್ಚಳವಿಲ್ಲದ ಸಿಟ್-ಆನ್-ಟಾಪ್ ದೋಣಿಗಳಲ್ಲಿ ಮಾತ್ರ ಅದನ್ನು ಯೋಚಿಸಬಹುದು.

ಎದೆಯ ಒರೆಯ ಬಗ್ಗೆ ಅಲಾಸ್ಕದ ಮೀನುಗಾರರಿಗೆ ವಿಶೇಷ ಪ್ರೀತಿ, ಅದಕ್ಕೆ ಕಾರಣವೂ ಇದೆ: ಸೊಂಟದವರೆಗಿನ ನೀರಿನಲ್ಲಿ ನಿಂತರೂ ಬಂದೂಕು ಒಣಗಿರುತ್ತದೆ, ಎರಡೂ ಕೈಗಳಿಗೆ ಎಟಕುತ್ತದೆ. ಕಯಾಕಿನಲ್ಲಿ ಅದೇ ಜಾಗದಲ್ಲಿ ಲೈಫ್ ಜಾಕೆಟ್ ಇದೆ. ಜಾಕೆಟಿನ ಅಡಿಯಲ್ಲಿ ಕಟ್ಟಿದರೆ ತೆಗೆಯಲಾಗದು, ಮೇಲೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ನಾನು ಸಿಯಾಟಲ್ ಬಳಿಯ ಸಮಾಮಿಶ್ ಸರೋವರದಲ್ಲಿ ಒಂದು ಜೂನ್ ಸಂಜೆ ಪರೀಕ್ಷಿಸಿದೆ. ತರಬೇತಿಗೆ ಬಳಸುವ ನೀಲಿ ಪ್ಲಾಸ್ಟಿಕ್ಕಿನ ನಕಲಿ ಪಿಸ್ತೂಲನ್ನು ಎದೆಯ ಒರೆಯಲ್ಲಿಟ್ಟು, ಬೇಕೆಂದೇ ದೋಣಿ ಮಗುಚಿ, ಹೊರಬಂದು, ಮತ್ತೆ ಹತ್ತಲು ಹಿಂಬದಿಯ ಡೆಕ್ಕಿನ ಮೇಲೆ ಎದೆಯೂರಿ ಜಾರಿದೆ. ಪಿಸ್ತೂಲಿನ ಹಿಡಿ ಡೆಕ್ಕಿನ ಅಡ್ಡಡ್ಡ ಬಿಗಿದಿದ್ದ ರಬ್ಬರು ಹಗ್ಗದೊಳಗೆ ಕೊಕ್ಕೆಯಂತೆ ಸಿಕ್ಕಿಕೊಂಡಿತು. ಅರ್ಧ ದೇಹ ನೀರಿನಲ್ಲಿ, ಅರ್ಧ ಡೆಕ್ಕಿನ ಮೇಲೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಜೊತೆಗಿದ್ದ ಗೆಳೆಯ ಬಂದು ಹಗ್ಗ ಎತ್ತಿ ಬಿಡಿಸಿದರು. ನೀರು ಈಜುಕೊಳದಷ್ಟು ಬೆಚ್ಚಗಿದ್ದುದರಿಂದ ಇಬ್ಬರೂ ನಕ್ಕೆವು, ಗ್ಲೇಷಿಯರ್ ಕರಗಿದ ನೀರಿನಲ್ಲಿ ಹಾಗಾಗಿದ್ದರೆ ಮೇಲೆ ಹೇಳಿದ ಹತ್ತು ನಿಮಿಷದಲ್ಲಿ ಎರಡು ಅಲ್ಲಿಯೇ ಕಳೆದಿರುತ್ತಿದ್ದವು.

ಭಾರದ ಲೆಕ್ಕವೂ ಇದೆ. ಕಯಾಕಿನವರು ತೊಡುವ ಸಾಮಾನ್ಯ ಲೈಫ್ ಜಾಕೆಟಿನ ಕನಿಷ್ಠ ತೇಲುಬಲ 15.5 ಪೌಂಡು, ಎಂದರೆ 7 ಕೆಜಿ. ತೋಟಾ ತುಂಬಿದ .44 ರಿವಾಲ್ವರ್ ಸುಮಾರು 3 ಪೌಂಡು. ಜಾಕೆಟಿಗೆ ಅದನ್ನು ಕಟ್ಟಿದರೆ ನಿಮ್ಮ ತಲೆಯನ್ನು ನೀರಿನ ಮೇಲಿಡಬೇಕಾದ ಬಲದಲ್ಲಿ ಐದನೇ ಒಂದು ಪಾಲಿನಷ್ಟನ್ನು ಕಬ್ಬಿಣಕ್ಕೆ ಕೊಟ್ಟಂತಾಯಿತು. 290 ಗ್ರಾಂ ಆಸುಪಾಸಿನ ಸ್ಪ್ರೇ ಡಬ್ಬಿಯಿಂದ ಅಂಥ ತೊಂದರೆ ಇಲ್ಲ.

ಇನ್ನು ಕೆಲವರು ಬಂದೂಕನ್ನು ಬಳ್ಳಿಯಿಂದ ದೋಣಿಗೋ ಜಾಕೆಟಿಗೋ ಕಟ್ಟುತ್ತಾರೆ. ಮಗುಚಿದ ದೋಣಿಯಿಂದ ಹೊರಬರುವಾಗ ದೇಹಕ್ಕೆ ಸುತ್ತಿಕೊಳ್ಳಬಲ್ಲ ಯಾವುದೇ ಹಗ್ಗ ಅಪಾಯ. ಆ ಬಂದೂಕು ಕಳೆದುಹೋದರೂ ಸರಿ ಎಂದುಕೊಳ್ಳಿ.

ಹೀಗಾಗಿ ನನಗೆ ಸರಿಕಂಡ ಏರ್ಪಾಡು ಇದು. ನೀರಿನ ಮೇಲಿರುವಾಗ ಸ್ಪ್ರೇ ಲೈಫ್ ಜಾಕೆಟಿನ ಬದಿಯಲ್ಲಿ, ಎದೆಯೂರಿದರೂ ತಾಗದ ಕಡೆ. ಬಂದೂಕು ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಎದೆಯ ಒರೆಯಲ್ಲಿದ್ದು, ಒರೆಯ ಸಮೇತ ಸುರುಳಿಬಾಯಿಯ ಸಣ್ಣ ಡ್ರೈ ಬ್ಯಾಗಿನೊಳಗೆ, ಕಾಲುಗಳ ನಡುವೆ ಅಥವಾ ಹಗಲು ಬಳಸುವ ಪುಟ್ಟ ಹ್ಯಾಚಿನಲ್ಲಿ, ಎಂದರೆ ಡೆಕ್ಕಿನಲ್ಲಿರುವ ಮುಚ್ಚಳದ ಗೂಡಿನಲ್ಲಿ. ದಡ ಹತ್ತಿದ ಮೇಲೆ ಲೈಫ್ ಜಾಕೆಟ್ ಕಳಚುವುದು, ಅದೇ ಜಾಗಕ್ಕೆ ಒರೆ ತೊಡುವುದು. ದೋಣಿ ಮರಳಿಗೆ ತಾಗಿದಾಗಿನಿಂದ ಒರೆ ಎದೆಗೇರುವವರೆಗಿನ ಎರಡು ನಿಮಿಷಕ್ಕೆ ಸ್ಪ್ರೇಯೇ ಕಾವಲು. ಅಷ್ಟು ಹೊತ್ತು ಜೋರಾಗಿ ಮಾತನಾಡಿದರೆ, ಹಾಡಿದರೆ ಆಲ್ಡರ್ ಪೊದೆಯ ಹಿಂದಿನ ಕರಡಿ ತಾನೇ ದಾರಿ ಬಿಡುತ್ತದೆ. ಚರ್ಮದ ಒರೆ ನೋಡಲು ಅಂದವಾದರೂ ಉಪ್ಪುನೀರನ್ನು ಹೀರಿ ದಿನವಿಡೀ ಲೋಹಕ್ಕೆ ಒತ್ತಿ ಹಿಡಿಯುವುದರಿಂದ ಕಡಲ ಪಯಣಕ್ಕೆ ಹೊಂದುವುದಿಲ್ಲ.

ಈ ಏರ್ಪಾಡಿನಲ್ಲಿ ದೋಣಿಯ ಮೇಲಿನಿಂದ ಬಂದೂಕು ಹಾರಿಸಲಾಗುವುದಿಲ್ಲವಲ್ಲ ಎನ್ನಬಹುದು. ಹಾರಿಸಬೇಕಾದ ಕೆಲಸವೂ ಅಲ್ಲ ಅದು. ಈಜುವ ಕರಡಿ ಎದುರಾದರೆ ಹುಟ್ಟು ಹಾಕಿ ದೂರ ಸರಿಯಬೇಕು. ಕಾಲೂರಲು ನೆಲವಿಲ್ಲದೆ .44ರ ಒದೆತ ತಡೆಯುವವನು ಹುಟ್ಟನ್ನು ಮೊದಲೇ ಕೈಬಿಟ್ಟಿರುತ್ತಾನೆ, ಕಡಿಮೆ ಕೋನದಲ್ಲಿ ನೀರಿಗೆ ಬಡಿದ ಗುಂಡು ಮಕ್ಕಳು ಕೆರೆಗೆ ಎಸೆಯುವ ಚಪ್ಪಟೆ ಕಲ್ಲಿನಂತೆ ಪುಟಿದು ಎತ್ತಲೋ ಹೋಗುತ್ತದೆ.

ಸಂಜೆಯ ಕೆಲಸ ಮತ್ತು ಹಾರಿಸಿದ ಮೇಲಿನ ಕೆಲಸ

ಡ್ರೈ ಬ್ಯಾಗಿನಲ್ಲಿದ್ದರೂ ಪ್ರತಿ ಸಂಜೆ ಬಂದೂಕನ್ನು ಖಾಲಿ ಮಾಡಿ, ಹೊಳೆಯ ನೀರಿನಿಂದ ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಸವರಬೇಕು. ಹೊರಡುವಾಗ ತುಂಬಿಕೊಂಡ ತೋಟಾಗಳನ್ನು ಮರಳಿದ ಮೇಲೆ ಅಭ್ಯಾಸಕ್ಕೆ ಖರ್ಚು ಮಾಡಿ ಮುಂದಿನ ಪಯಣಕ್ಕೆ ಹೊಸ ಪೆಟ್ಟಿಗೆ ತೆರೆಯಬೇಕು. ಬಂದೂಕು ನೀರಿಗೆ ಬಿದ್ದಿದ್ದರೆ ನಳಿಗೆಯಲ್ಲಿ ನಿಂತ ನೀರನ್ನೂ ಮರಳನ್ನೂ ತೆಗೆಯದೆ ಹಾರಿಸುವುದು ಕೈಯನ್ನೇ ಪಣಕ್ಕಿಟ್ಟಂತೆ. ಆಹಾರವೆಲ್ಲ ಗುಡಾರದಿಂದ ದೂರ, ಕರಡಿ ತೆರೆಯಲಾರದ ಡಬ್ಬಿಯಲ್ಲಿರಬೇಕೆಂಬುದು ಬಂದೂಕು ಇರಲಿ ಬಿಡಲಿ ಬದಲಾಗದ ನಿಯಮ.

ಕಡೆಗೆ, ಹಾರಿಸಿ ಕೊಂದೇ ಬಿಟ್ಟರೆ ಅಲಾಸ್ಕದ ಕಾನೂನು ಕೊಲ್ಲುವಾಗಲ್ಲ, ಕೊಂದ ಮೇಲೆ ಕೆಲಸ ಹಚ್ಚುತ್ತದೆ. ಪ್ರಾಣರಕ್ಷಣೆಗೆಂದು ಕೊಂದದ್ದಾದರೂ, ಆ ಪರಿಸ್ಥಿತಿಯನ್ನು ನೀವೇ ತಂದುಕೊಂಡದ್ದಲ್ಲ ಎಂದು ತೋರಿಸಬೇಕು. ಕೂಡಲೇ ಅಧಿಕಾರಿಗಳಿಗೆ ತಿಳಿಸಬೇಕು. 15 ದಿನದೊಳಗೆ ಲಿಖಿತ ವರದಿ ಕೊಡಬೇಕು. ಉಗುರುಗಳ ಸಮೇತ ಚರ್ಮ ಸುಲಿದು, ತಲೆಬುರುಡೆಯನ್ನೂ ಸೇರಿಸಿ ರಾಜ್ಯಕ್ಕೆ ಒಪ್ಪಿಸಬೇಕು, ಏಕೆಂದರೆ ಸತ್ತ ಕರಡಿ ಸರ್ಕಾರದ ಸ್ವತ್ತು. ಇನ್ನೂರು ಮುನ್ನೂರು ಕೆಜಿಯ ಪ್ರಾಣಿಯನ್ನು, ಉಬ್ಬರ ಏರುತ್ತಿರುವ ಕಲ್ಲು ದಂಡೆಯಲ್ಲಿ, ಜೇಬಿನ ಚಾಕುವಿನಿಂದ. ಆ ಹಸಿ ಚರ್ಮವನ್ನು ಒಯ್ಯಬೇಕಾದದ್ದು ನಿಮ್ಮ ಕಯಾಕಿನಲ್ಲೇ, ಅದರ ದೊಡ್ಡ ಹ್ಯಾಚಿನ ಬಾಯಿ ಒಂದು ಊಟದ ತಟ್ಟೆಗಿಂತ ಸ್ವಲ್ಪವೇ ಅಗಲ.